ಫೋಲ್ಡರ್ ವಾಸ್ತು

ಬಟ್ಟೆ ಅಂಗಡಿಯೊಂದಕ್ಕೆ ವೆಬ್‌ಸೈಟ್ ಬೇಕು. ಪುಟಗಳು ನಾಲ್ಕೇ: ಮುಖಪುಟ, ಸರಕು, ನಮ್ಮ ಬಗ್ಗೆ, ಸಂಪರ್ಕ. ಮೊದಲ ವಾರ ಮುಗಿದರೂ ತೆರೆಯ ಮೇಲೆ ಏನೂ ಮೂಡಿಲ್ಲ. ಬಟನ್ ಯಾವ ಫೋಲ್ಡರಿನಲ್ಲಿ ವಾಸವಿರಬೇಕು ಎಂಬುದು ಇನ್ನೂ ಇತ್ಯರ್ಥವಾಗಿಲ್ಲವಂತೆ.

ಪುಟಗಳನ್ನು ಕಾಂಪೊನೆಂಟುಗಳೆಂಬ ತುಂಡುಗಳಿಂದ ಜೋಡಿಸುವ ರಿಯಾಕ್ಟ್ ಲೈಬ್ರರಿಯನ್ನು 2013ರಲ್ಲಿ ಫೇಸ್‌ಬುಕ್ ಜಗತ್ತಿಗೆ ಬಿಟ್ಟುಕೊಟ್ಟಾಗ ಫೈಲುಗಳನ್ನು ಎಲ್ಲಿಡಬೇಕೆಂದು ಕಟ್ಟಳೆ ಮಾಡಲಿಲ್ಲ. ಅದರ ಹಳೆಯ ಅಧಿಕೃತ ಕೈಪಿಡಿಯಲ್ಲಂತೂ, ಹೊಸದಾಗಿ ಶುರು ಮಾಡುವವರು ಈ ಯೋಚನೆಗೆ ಐದು ನಿಮಿಷಕ್ಕಿಂತ ಹೆಚ್ಚು ಕಳೆಯಬಾರದೆಂಬ ಬುದ್ಧಿಮಾತೇ ಇತ್ತು. ಅದು ಪ್ರತಿ ಫೋಲ್ಡರಿಗೆ, ಪ್ರತಿ ಸಭೆಗೆ, ತಲಾ ಐದು ನಿಮಿಷ ಎಂದು ನಮ್ಮವರು ತಿಳಿದಂತಿದೆ. ಹೀಗೆ ತೆರವಾದ ಜಾಗಕ್ಕೆ ವಾಸ್ತು ಪಂಡಿತರು ಬಂದು ಕೂತರು. ಒಲೆ ಆಗ್ನೇಯದಲ್ಲಿದ್ದರಾಯಿತು, ಅನ್ನ ಬೇಯುತ್ತದೋ ಇಲ್ಲವೋ ಅವರ ಪ್ರಶ್ನೆಯಲ್ಲ.

ಪಂಡಿತರಲ್ಲಿ ಪಂಗಡಗಳಿವೆ. ವೆಬ್ ವಿನ್ಯಾಸಕ ಬ್ರ್ಯಾಡ್ ಫ್ರಾಸ್ಟ್ 2013ರಲ್ಲಿ ಪರಮಾಣು, ಅಣು, ಜೀವಿ, ಟೆಂಪ್ಲೇಟು, ಪುಟ ಎಂದು ಐದು ಹಂತಗಳಲ್ಲಿ ವಿನ್ಯಾಸವನ್ನು ನೋಡುವ ದಾರಿ ತೋರಿಸಿದರು. ನೋಡುವ ದಾರಿ ಸೊಗಸಾಗಿಯೇ ಇತ್ತು. ಭಕ್ತರು ಅದನ್ನೇ ಐದು ಫೋಲ್ಡರು ಮಾಡಿ, ಹುಡುಕುವ ಪೆಟ್ಟಿಗೆ ಅಣುವೋ ಜೀವಿಯೋ ಎಂದು ಊಟ ಬಿಟ್ಟು ಜಗಳವಾಡಿದರು. 2015ರಲ್ಲಿ ರಿಯಾಕ್ಟ್ ಲೋಕದ ಡ್ಯಾನ್ ಅಬ್ರಮೋವ್ ಕಾಂಪೊನೆಂಟುಗಳಲ್ಲಿ ಎರಡು ಜಾತಿ ಗುರುತಿಸಿದರು: ಬರೀ ತೋರಿಸುವವು, ಮತ್ತು ಒಳಗೆ ನಿಂತು ವ್ಯವಹಾರ ನೋಡಿಕೊಳ್ಳುವವು. 2019ರಲ್ಲಿ ಅವರೇ, ಹಾಗೆ ಒಡೆಯಲು ನಾನಿನ್ನು ಹೇಳುವುದಿಲ್ಲ ಎಂದು ಕೈಬಿಟ್ಟರು. ಗುರುಗಳು ಸನ್ಯಾಸ ತೆಗೆದುಕೊಂಡರೂ ಮಠ ಮುಚ್ಚಲಿಲ್ಲ. ಆ ಎರಡು ಫೋಲ್ಡರುಗಳು ಈಗಲೂ ಅನೇಕ ಕಡೆ ನಡೆದುಕೊಂಡು ಬರುತ್ತಿವೆ.

ಇನ್ನು 'ಮರುಬಳಕೆಯ ಬಟನ್'. ಅದರ ಚರಿತ್ರೆ ಕೇಳಬೇಕು. ಹುಟ್ಟಿದಾಗ ಅದಕ್ಕೊಂದು ಬಣ್ಣ, ಒಂದು ಹೆಸರು, ಅಷ್ಟೇ. ಮಾರ್ಕೆಟಿಂಗ್‌ನವರು ಬಂದರು, ಅಳತೆ ಸೇರಿತು. ಡಿಸೈನರ್ ಬಂದರು, ಐಕಾನ್ ಸೇರಿತು, ಅದು ಎಡಕ್ಕೋ ಬಲಕ್ಕೋ ಎಂದು ಹೊರಗಿನಿಂದ ಹೇಳುವ ಇನ್ನೊಂದು ಪ್ರಾಪ್ ಸೇರಿತು. ಆಮೇಲೆ ಲೋಡಿಂಗ್, ಡಿಸೇಬಲ್ಡ್, ಲಿಂಕಿನಂತೆ ವರ್ತಿಸು, ಹೆಡರಿನಲ್ಲಿದ್ದರೆ ಮಾತ್ರ ದುಂಡಗಾಗು, ದೀಪಾವಳಿ ಆಫರಿದ್ದರೆ ಮಿನುಗು. ಮುಟ್ಟಿದರೆ ಎಲ್ಲಿ ಏನು ಒಡೆಯುತ್ತದೋ ಎಂದು ಯಾರೂ ಅದರ ಹತ್ತಿರ ಸುಳಿಯುವುದಿಲ್ಲ. ಹೊಸದಾಗಿ ಸೇರಿದ ಹುಡುಗಿ ಜಾಣೆ. ಸದ್ದಿಲ್ಲದೆ 'ನ್ಯೂಬಟನ್' ಎಂಬ ಫೈಲು ತೆರೆದು ಸಂಜೆಗೆ ಮನೆಗೆ ಹೋಗುತ್ತಾಳೆ. ತಪ್ಪು ಅಮೂರ್ತತೆಗಿಂತ ನಕಲು ಎಷ್ಟೋ ಅಗ್ಗ ಎಂದು ಪ್ರೋಗ್ರಾಮರ್ ಸ್ಯಾಂಡಿ ಮೆಟ್ಜ್ 2016ರಲ್ಲೇ ಬರೆದಿದ್ದರು. ಆದರೆ ಅಗ್ಗದ ಕೆಲಸಕ್ಕೆ 'ಆರ್ಕಿಟೆಕ್ಟ್' ಪದವಿ ಸಿಗುವುದಿಲ್ಲವಲ್ಲ.

ಈ ಗಲಾಟೆ ನೋಡಲಾರದೆಯೋ ಏನೋ, ರಿಯಾಕ್ಟ್ ಮೇಲೆ ಕಟ್ಟಿದ ನೆಕ್ಸ್ಟ್ ಜೆಎಸ್ ಎಂಬ ಚೌಕಟ್ಟು 2022ರ ಅಕ್ಟೋಬರ್‌ನಲ್ಲಿ ತನ್ನ 13ನೇ ಆವೃತ್ತಿಯಲ್ಲಿ 'ಆ್ಯಪ್' ಫೋಲ್ಡರನ್ನು ತಂದು ಕಟ್ಟಳೆಗಳನ್ನೇ ಬರೆದುಕೊಟ್ಟಿತು. ಪುಟದ ಫೈಲಿಗೆ 'ಪೇಜ್' ಎಂದೇ ಹೆಸರು, ಹೊದಿಕೆಯ ಫೈಲಿಗೆ 'ಲೇಔಟ್' ಎಂದೇ ಹೆಸರು. ಫೋಲ್ಡರಿನ ಹೆಸರು ದುಂಡು ಕಂಸದೊಳಗಿದ್ದರೆ ವಿಳಾಸದಲ್ಲಿ ಕಾಣದು. ಚೌಕ ಕಂಸವಾದರೆ ಬದಲಾಗುವ ವಿಳಾಸ. ಮುಂದೆ ಅಡಿಗೆರೆ ಇದ್ದರೆ ಹೊರಗಿನವರಿಗೆ ಪ್ರವೇಶವಿಲ್ಲ. ಒಂದು ಚೌಕ ಕಂಸದೊಳಗೆ ಮೂರು ಚುಕ್ಕಿ, ಇನ್ನೊಂದು ಫೋಲ್ಡರಿನ ತಲೆಗೆ ಒಂದು ಅಟ್ ಚಿಹ್ನೆ. ಯಂತ್ರ ಬರೆದು ತಾಯಿತ ಕಟ್ಟುವವರೂ ಇಷ್ಟು ಗುರುತು ಬಳಸುವುದಿಲ್ಲ. ಫಲವಾಗಿ ಎಡಿಟರಿನಲ್ಲಿ ಸಾಲಾಗಿ ತೆರೆದ ನಾಲ್ಕು ಟ್ಯಾಬುಗಳೂ 'ಪೇಜ್'. ಸಂಪರ್ಕ ಪುಟದ ಫೋನ್ ನಂಬರು ತಿದ್ದಲು ಹೋದವನು ಸೀರೆಯ ಬೆಲೆ ತಿದ್ದಿ ಬರುತ್ತಾನೆ.

ಲೇಔಟಿನ ಗಾಂಭೀರ್ಯವೇ ಬೇರೆ. ಒಂದು ಪುಟದಿಂದ ಇನ್ನೊಂದಕ್ಕೆ ಹೋದಾಗ ಅದು ಅಲ್ಲಾಡುವುದಿಲ್ಲ, ಒಳಗಿನ ಪುಟ ಮಾತ್ರ ಬದಲಾಗುತ್ತದೆ. ವೇಗಕ್ಕೆ ಇದು ನಿಜಕ್ಕೂ ಒಳ್ಳೆಯದು, ಮೆಚ್ಚಲೇಬೇಕು. ಆದರೆ ಸರ್ವರಿನಲ್ಲಿ ಕೂತ ಲೇಔಟಿಗೆ, ತಾನು ಈಗ ಯಾವ ವಿಳಾಸಕ್ಕೆ ಹೊದಿಕೆಯಾಗಿದ್ದೇನೆ ಎಂಬುದೇ ಗೊತ್ತಿರುವುದಿಲ್ಲ. ಅಂಗಡಿ ಯಜಮಾನರು ಕೇಳಿದ್ದು ಇಷ್ಟೇ: ಸರಕಿನ ಪುಟದಲ್ಲಿರುವಾಗ ಮೆನುವಿನ 'ಸರಕು' ದಪ್ಪ ಅಕ್ಷರದಲ್ಲಿ ಕಾಣಲಿ. ಅದಕ್ಕೆ ಬ್ರೌಸರಿನಲ್ಲಿ ಓಡುವ ಪುಟ್ಟದೊಂದು ಕಾಂಪೊನೆಂಟು ಬರೆಯಬೇಕು. ಬರೆದದ್ದೂ ಆಯಿತು, ಹತ್ತು ಸಾಲು. ಅದನ್ನು 'ಕಾಮನ್' ಫೋಲ್ಡರಿನಲ್ಲಿಡಬೇಕೋ, 'ಶೇರ್ಡ್' ಫೋಲ್ಡರಿನಲ್ಲೋ, 'ಕೋರ್'ನಲ್ಲೋ ಎಂದು ನಿರ್ಧರಿಸಲು ಗುರುವಾರ ಮೂರು ಗಂಟೆಗೆ ಸಭೆಯಿದೆ. ಯಜಮಾನರು ಅಷ್ಟರಲ್ಲಿ ವಾಟ್ಸ್‌ಆ್ಯಪ್‌ನಲ್ಲೇ ಸೀರೆಯ ಫೋಟೊ ಹಾಕಿ ಮಾರಲು ಶುರುಮಾಡಿದ್ದಾರೆ.