ನೆರವು ನಿಮ್ಮಲ್ಲೇ ಇರಲಿ, ಬಾಕಿ ಕೊಡಿ

ದೇಶಕ್ಕೆ ಕಷ್ಟಕಾಲ ಬಂದಾಗಲೆಲ್ಲ ಸರಕಾರಕ್ಕೆ ಮೊದಲು ನೆನಪಾಗುವವನು ರೈತ. ಕೊಡಲಿಕ್ಕಲ್ಲ, ಹೊಗಳಲಿಕ್ಕೆ. 2020ರ ಏಪ್ರಿಲ್‌ನಿಂದ ಜೂನ್‌ವರೆಗಿನ ಲೆಕ್ಕ ಹೊರಬಿದ್ದಾಗ ದೇಶದ ಆರ್ಥಿಕತೆ ಶೇ 23.9ರಷ್ಟು ನೆಲಕಚ್ಚಿತ್ತು, ಕೃಷಿಯೊಂದೇ ಶೇ 3.4ರಷ್ಟು ಬೆಳೆದಿತ್ತು. ಅಷ್ಟೇ ಸಾಕಾಯಿತು. ಟಿವಿ ಹಚ್ಚಿದರೆ ಅನ್ನದಾತ, ಪೇಪರ್ ಬಿಚ್ಚಿದರೆ ದೇಶದ ಬೆನ್ನೆಲುಬು. ಹೊಗಳಿಕೆಗೆ ಜಿಎಸ್‌ಟಿ ಇಲ್ಲ, ಬಜೆಟ್‌ನಲ್ಲಿ ಅದಕ್ಕೆ ದುಡ್ಡು ಎತ್ತಿಡಬೇಕಾಗಿಲ್ಲ, ಆಧಾರ್ ಜೋಡಣೆಯಂತೂ ಬೇಡವೇ ಬೇಡ. ನಮ್ಮ ಬೀದರ್ ಜಿಲ್ಲೆಯ ಪ್ರತಿ ರೈತನಿಗೂ ಚಾಚೂ ತಪ್ಪದೆ ತಲುಪಿದ ಒಂದೇ ಒಂದು ಸರಕಾರಿ ಸವಲತ್ತು ಅದು.

ದುಡ್ಡಿನ ಮಾತಿಗೆ ಬರೋಣ. ಲಾಕ್‌ಡೌನ್ ಹಾಕಿದ ಎರಡೇ ದಿನಕ್ಕೆ, ಮಾರ್ಚ್ 26ರಂದು, 1.70 ಲಕ್ಷ ಕೋಟಿ ರೂಪಾಯಿಯ ಗರೀಬ್ ಕಲ್ಯಾಣ ಪ್ಯಾಕೇಜ್ ಘೋಷಣೆಯಾಯಿತು. ಅದರಲ್ಲಿ ರೈತನಿಗೆ ತಲಾ 2,000. ಯಾವ 2,000? 2019ರ ಫೆಬ್ರವರಿಯಲ್ಲಿ ಶುರುವಾದ ಪಿಎಂ-ಕಿಸಾನ್‌ನಲ್ಲಿ ವರ್ಷಕ್ಕೆ 6,000 ಎಂದು ಮೊದಲೇ ಮಾತು ಕೊಟ್ಟಾಗಿತ್ತಲ್ಲ, ಅದರ ಮುಂದಿನ ಕಂತು. ಕೊರೊನಾ ಬರಲಿ, ಬಿಡಲಿ, ಬರಲೇಬೇಕಿದ್ದ ದುಡ್ಡು. ಅದನ್ನೇ ಏಪ್ರಿಲ್ ಮೊದಲ ವಾರಕ್ಕೆ ಎಳೆದುಕೊಂಡು ‘ಪರಿಹಾರ’ ಎಂದು ಹೆಸರಿಟ್ಟರು. ಹೊಲ ಯಾರ ಹೆಸರಿನಲ್ಲಿದೆಯೋ ಅವರಿಗೆ ಮಾತ್ರ. ಪಾಲಿಗೆ ಮಾಡುವವನು, ಲೀಸಿಗೆ ಹಿಡಿದವನು ಪಹಣಿಯಲ್ಲಿ ಇಲ್ಲ, ಆದ್ದರಿಂದ ಕಷ್ಟದಲ್ಲೂ ಇಲ್ಲ. ಔರಾದ್ ಕಡೆಯ ಕಾಕಾ ಒಬ್ಬರು ಇದನ್ನು ಒಂದೇ ಮಾತಿನಲ್ಲಿ ಮುಗಿಸಿದರು: “ನಮ್ ಹೊಲದಾಗಿನ ಜ್ವಾಳಾ ನಮ್ಗೇ ತಂದು ಕೊಟ್ಟು, ಮ್ಯಾಲ ನಮ್ ಕೈಲೇ ಶಾಲು ಹೊಚ್ಚಸ್ಕೊಂಡು ಹೋದಂಗಾತು ನೋಡ್ರಿ.”

ಮೇ ತಿಂಗಳಲ್ಲಿ ದೊಡ್ಡ ಗಂಟೇ ಬಂತು. ಒಟ್ಟು 20,97,053 ಕೋಟಿ ರೂಪಾಯಿ. ಲೆಕ್ಕ ಎಷ್ಟು ಕರಾರುವಾಕ್ಕು ನೋಡಿ, ಕೊನೆಯ ಮೂರು ಕೋಟಿಯನ್ನೂ ಬಿಟ್ಟಿಲ್ಲ. ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಐದು ದಿನ ಕಂತುಕಂತಾಗಿ ಓದಿದರು. ಮೂರನೆಯ ದಿನ, ಮೇ 15, ರೈತರದು ಮತ್ತು ಮೀನುಗಾರರದು. ಕೃಷಿ ಮೂಲಸೌಕರ್ಯಕ್ಕೆ 1 ಲಕ್ಷ ಕೋಟಿ, ಮೀನಿಗೆ 20,000 ಕೋಟಿ, ಪಶುಸಂಗೋಪನೆಗೆ 15,000 ಕೋಟಿ, ಗಿಡಮೂಲಿಕೆಗೆ 4,000 ಕೋಟಿ, ಜೇನು ಸಾಕಣೆಗೆ 500 ಕೋಟಿ. ಆ ಹೊತ್ತಿಗೆ ಬೀದರ್‌ನಿಂದ ಹೈದರಾಬಾದ್ ಕಡೆಗಿನ ರಸ್ತೆಯಲ್ಲಿ ಪೊಲೀಸರು ಅಡ್ಡ ನಿಂತಿದ್ದರು. ಕಲ್ಲಂಗಡಿ, ತರಕಾರಿ ಬೆಳೆದವರು ಮಾರಲು ಪೇಟೆಯಿಲ್ಲದೆ ಕೂತಿದ್ದರು. ಹೈದರಾಬಾದ್, ಪುಣೆ, ಮುಂಬೈಗೆ ದುಡಿಯಲು ಹೋದ ಮಕ್ಕಳು ಖಾಲಿ ಕೈಯಲ್ಲಿ ಊರಿಗೆ ಬಂದು ಅದೇ ಹೊಲದ ಮೇಲೆ ಇನ್ನೆರಡು ಹೊಟ್ಟೆ ಹೇರಿದ್ದರು. ಅವರಿಗೆ ಬೇಕಾಗಿದ್ದು ಮಾಲು ಕೊಳ್ಳುವವರು. ಸಿಕ್ಕಿದ್ದು ಸಾಲ ಕೊಡುವವರು. ಆ 1 ಲಕ್ಷ ಕೋಟಿ ಎಂದರೆ ಸಾಲ. 2 ಕೋಟಿ ರೂಪಾಯಿಯವರೆಗಿನ ಸಾಲಕ್ಕೆ ಶೇ 3ರಷ್ಟು ಬಡ್ಡಿ ಮಾತ್ರ ಸರಕಾರದ್ದು. ಕೊಳೆಯುತ್ತಿರುವ ಕಲ್ಲಂಗಡಿಯ ಮುಂದೆ ನಿಂತವನಿಗೆ ಶೈತ್ಯಾಗಾರ ಕಟ್ಟು ಎಂದರೆ, ಅವನು ಮೊದಲು ಹಣ್ಣು ನೋಡಬೇಕೋ, ಬ್ಯಾಂಕ್ ಮ್ಯಾನೇಜರನ ಮುಖ ನೋಡಬೇಕೋ?

ಬೆಂಗಳೂರಿನ ಪ್ಯಾಕೇಜ್ ಅದಕ್ಕೂ ಮುಂಚೆ, ಮೇ 6ಕ್ಕೇ ಬಂದಿತ್ತು. ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು 1,610 ಕೋಟಿ ಘೋಷಿಸಿದರು. ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000. ಕೆಲವೇ ದಿನಗಳಲ್ಲಿ ಮೆಕ್ಕೆಜೋಳದವರಿಗೆ ತಲಾ 5,000. ಒಳ್ಳೆಯದೇ. ಆದರೆ ನಮ್ಮ ಭಾಲ್ಕಿ, ಔರಾದ್ ಹೊಲಗಳಲ್ಲಿ ಇರುವುದು ಸೋಯಾ, ತೊಗರಿ, ಉದ್ದು, ಹೆಸರು, ಕಡಲೆ, ಕಬ್ಬು. ವಿಧಾನಸೌಧದ ಕಿಟಕಿಯಿಂದ ಹೂವು ಕಾಣುತ್ತದೆ, ಸೋಯಾ ಕಾಣುವುದಿಲ್ಲ. ದೂರ ಬಹಳ.

ದಿಲ್ಲಿಗೆ ಮಾತ್ರ ಬೀದರ್‌ನ ಒಂದು ಬೆಳೆ ಕಂಡಿತು. ಕಿರು ಆಹಾರ ಉದ್ದಿಮೆಗಳಿಗೆಂದು ತಂದ 10,000 ಕೋಟಿಯ ಯೋಜನೆಯಲ್ಲಿ ‘ಒಂದು ಜಿಲ್ಲೆ, ಒಂದು ಉತ್ಪನ್ನ’ ಎಂದು ಪಟ್ಟಿ ಮಾಡಿ ಬೀದರ್ ಹೆಸರಿನ ಮುಂದೆ ಶುಂಠಿ ಎಂದು ಬರೆದರು. ಶುಂಠಿ ಇಲ್ಲಿ ಬೆಳೆಯುವುದಿಲ್ಲ ಎಂದಲ್ಲ, ಬೆಳೆಯುತ್ತದೆ. ಆದರೆ ಊರಿಗೆ ಊರೇ ಸೋಯಾ ರಾಶಿ ಮಾಡುವ ಜಿಲ್ಲೆಗೆ ಶುಂಠಿಯ ಬಿರುದು ಸಿಕ್ಕಿದ್ದು ನೋಡಿ, ಕೆಮ್ಮು ನೆಗಡಿಯ ಕಾಲವಲ್ಲವೇ, ಕಷಾಯಕ್ಕಿರಲಿ ಎಂದುಕೊಂಡಿರಬೇಕು ಎಂದು ಸುಮ್ಮನಾದೆ.

ಈಗ ಮೀನು. ಸಮುದ್ರದಿಂದ ಬಹುದೂರವಿರುವ ಬೀದರ್‌ಗೂ ಮೀನಿಗೂ ಏನು ಸಂಬಂಧ ಎಂದು ಕರಾವಳಿಯವರು ನಗಬಾರದು. ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಇರುವುದು ನಮ್ಮ ಬೀದರ್‌ನ ನಂದಿನಗರದಲ್ಲಿ. ಅದರ ಮೀನುಗಾರಿಕೆ ಕಾಲೇಜು ಮಾತ್ರ ಮಂಗಳೂರಿನಲ್ಲಿ, 1969ರಿಂದಲೂ. ಕುಲಪತಿಗಳ ಕುರ್ಚಿ ಇಲ್ಲಿ, ಬಲೆ ಅಲ್ಲಿ, ನಡುವೆ ಏಳೆಂಟು ನೂರು ಕಿಲೋಮೀಟರ್ ಒಣ ನೆಲ. ಆದರೂ ನಮ್ಮಲ್ಲಿ ಮೀನುಗಾರರಿದ್ದಾರೆ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಹತ್ತಿರ ಕಾರಂಜಾ ಜಲಾಶಯವಿದೆ, ಮಾಂಜ್ರಾ ಹೊಳೆ ಇದೆ, ಕೆರೆಗಳಿವೆ. ಕಾಟ್ಲಾ, ರೋಹು ಹಿಡಿದು ಬುಟ್ಟಿಯಲ್ಲಿ ಹೊತ್ತು ಬೀದರ್ ಪೇಟೆಗೆ ಬರುವವರು ಇದ್ದಾರೆ.

ಇವರಿಗಾಗಿ 2020ರ ಸೆಪ್ಟೆಂಬರ್ 10ರಂದು ಮತ್ಸ್ಯ ಸಂಪದ ಯೋಜನೆ ಬಂತು. ಐದು ವರ್ಷಕ್ಕೆ 20,050 ಕೋಟಿ. ಯೋಜನೆಯ ಪಟ್ಟಿ ಓದಿದರೆ ಬಾಯಲ್ಲಿ ನೀರೂರುತ್ತದೆ: ಹೊಸ ಕೊಳ, ಬಯೋಫ್ಲಾಕ್ ತೊಟ್ಟಿ, ಐಸ್ ಬಾಕ್ಸ್ ಇಟ್ಟ ಸೈಕಲ್ಲು, ಐಸ್ ಬಾಕ್ಸ್ ಇಟ್ಟ ಮೋಟರ್‌ಸೈಕಲ್ಲು. ಮೋಟರ್‌ಸೈಕಲ್ಲನ್ನೇ ಹಿಡಿಯೋಣ. ಸರಕಾರ ಕಟ್ಟಿದ ಬೆಲೆ 75,000. ಸಾಮಾನ್ಯ ವರ್ಗಕ್ಕೆ ಶೇ 40, ಪರಿಶಿಷ್ಟರಿಗೆ ಮತ್ತು ಹೆಣ್ಣುಮಕ್ಕಳಿಗೆ ಶೇ 60 ಸಹಾಯಧನ. ಕಾರಂಜಾದ ದಂಡೆಯಲ್ಲಿ ಬಲೆ ಬೀಸುವ ಕುಟುಂಬಗಳಲ್ಲಿ ಹೆಚ್ಚಿನವರು ಹಿಂದುಳಿದ ವರ್ಗದವರು. ಈ ಯೋಜನೆಯ ಕಣ್ಣಿಗೆ ಅವರು ‘ಸಾಮಾನ್ಯ’ರು. ಊರಲ್ಲಿ ಹಿಂದೆ, ಅರ್ಜಿಯಲ್ಲಿ ಮುಂದೆ. ಹಾಗಾಗಿ 30,000 ಸರಕಾರದ್ದು, 45,000 ಮೀನುಗಾರನದು. ಆ 30,000 ಆದರೂ ಮುಂಚೆ ಕೈಗೆ ಬರುತ್ತದೆಯೇ? ಕೊಂಡ ಮೇಲೆ, ಬಿಲ್ಲು ಹಚ್ಚಿದ ಮೇಲೆ, ಗಾಡಿಯ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡ ಮೇಲೆ, ಸಾಹೇಬರು ಬಂದು ಇದು ಗಾಡಿಯೇ ಹೌದು, ಇದರ ಮೇಲಿರುವುದು ಐಸ್ ಬಾಕ್ಸೇ ಹೌದು ಎಂದು ಸಹಿ ಮಾಡಿದ ಮೇಲೆ. ಪೇಟೆ ಮುಚ್ಚಿದ ವರ್ಷ 75,000 ರೂಪಾಯಿ ಮುಂಗಡ ಹಾಕಬಲ್ಲ ಮೀನುಗಾರನಿಗೆ ಮಾತ್ರ ನೆರವು ಎಂಬುದೇ ಇದರ ಒಳಗುಟ್ಟು. ಬಡವನಾಗಿರಬೇಕು ಎಂಬುದು ಒಂದು ಶರತ್ತು, ದುಡ್ಡಿರಬೇಕು ಎಂಬುದು ಇನ್ನೊಂದು. ಎರಡನ್ನೂ ಪೂರೈಸುವವರು ಒಬ್ಬರೇ: ಅರ್ಜಿ ತುಂಬಿಕೊಡುವ ದಲ್ಲಾಳಿಗಳು.

ಇದೇನು ಹೊಸ ಕಾಯಿಲೆಯಲ್ಲ. 2008ರಲ್ಲಿ ಜಗತ್ತಿನ ಆರ್ಥಿಕತೆ ಮುಗ್ಗರಿಸಿದ ವರ್ಷವೇ ಕೇಂದ್ರ ಸರಕಾರ 71,680 ಕೋಟಿಯ ಕೃಷಿ ಸಾಲಮನ್ನಾ ಮಾಡಿತು. ಎರಡು ಹೆಕ್ಟೇರ್‌ವರೆಗಿನವರಿಗೆ ಪೂರ್ತಿ ಮನ್ನಾ. ಅದಕ್ಕಿಂತ ಮೇಲಿದ್ದರೆ ಮುಕ್ಕಾಲು ಭಾಗ ಕಟ್ಟಿದವರಿಗೆ ಕಾಲು ಭಾಗ ಬಿಡುಗಡೆ. ಕಾಲುವೆ ನೀರಿನ ಎರಡು ಹೆಕ್ಟೇರೂ ಒಂದೇ, ಮಳೆ ನಂಬಿದ ಔರಾದ್‌ನ ಎರಡು ಹೆಕ್ಟೇರೂ ಒಂದೇ. ಆರು ಎಕರೆ ಒಣ ಹೊಲದವನು ದಿಲ್ಲಿಯ ಲೆಕ್ಕದಲ್ಲಿ ಜಮೀನ್ದಾರನಾದ. 2013ರಲ್ಲಿ ಮಹಾಲೇಖಪಾಲರು 90,576 ಖಾತೆ ತೆಗೆದು ನೋಡಿದರೆ ಶೇ 22ರಷ್ಟರಲ್ಲಿ ಲೋಪ: ಸಿಗಬಾರದವರಿಗೆ ಸಿಕ್ಕಿತ್ತು, ಸಿಗಬೇಕಾದವರಿಗೆ ಇಲ್ಲ. ಆಗ ಆ ಪಕ್ಷ, 2020ರಲ್ಲಿ ಈ ಪಕ್ಷ. ಪೆನ್ನು ಒಂದೇ ಅಂಗಡಿಯದು.

ಹೋಗಲಿ, ನೆರವಿನ ಮಾತೇ ಬೇಡ. ಕೊಡಬೇಕಾದ್ದನ್ನಾದರೂ ಕೊಟ್ಟಿದ್ದರೆ ಪ್ಯಾಕೇಜ್ ಯಾರಿಗೆ ಬೇಕಿತ್ತು? ಕಬ್ಬು ತೆಗೆದುಕೊಳ್ಳಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆಗೆ ಕಬ್ಬು ಹಾಕಿದ 14 ದಿನದೊಳಗೆ ಬಿಲ್ ಕೊಡಬೇಕು; ತಪ್ಪಿದರೆ ಶೇ 15 ಬಡ್ಡಿ. ಬೀದರ್ ಜಿಲ್ಲೆಯಲ್ಲಿ ಬಾಕಿ ಬಿಲ್ಲಿಗಾಗಿ ರೈತರು ಕಾರ್ಖಾನೆ ಗೇಟಿನ ಮುಂದೆ, ಡಿಸಿ ಆಫೀಸಿನ ಮುಂದೆ ಕೂತದ್ದು ಎಷ್ಟು ಸಲವೋ. ಬಡ್ಡಿ ಸಮೇತ ಎಣಿಸಿಕೊಂಡು ಮನೆಗೆ ಹೋದ ರೈತನನ್ನು ನಾನಂತೂ ಕಂಡಿಲ್ಲ, ಕಂಡವರಿದ್ದರೆ ಹೇಳಲಿ, ಬಂದು ಕಾಲು ಮುಟ್ಟುತ್ತೇನೆ.

ಬೆಳೆ ವಿಮೆ ಇದಕ್ಕಿಂತ ಸೊಗಸು. ಮುಂಗಾರಿಗೆ ಜುಲೈ 31ರೊಳಗೆ ವಿಮಾ ಮೊತ್ತದ ಶೇ 2 ಕಟ್ಟಬೇಕು. ಒಂದು ದಿನ ತಡವಾದರೂ ನಡೆಯುವುದಿಲ್ಲ. ಹೊಲಕ್ಕೆ ನೀರು ನುಗ್ಗಿದರೆ 72 ಗಂಟೆಯೊಳಗೆ ತಿಳಿಸಬೇಕು. ಮಾಂಜ್ರಾ ಹೊಳೆಗೆ ಈ ನಿಯಮ ಗೊತ್ತಿಲ್ಲ. ಮಹಾರಾಷ್ಟ್ರದ ಧನೇಗಾಂವ್ ಅಣೆಕಟ್ಟಿನಿಂದ ನೀರು ಬಿಟ್ಟರೆ ಅದು ಭಾಲ್ಕಿ, ಔರಾದ್ ಹೊಲಗಳ ಮೇಲೆ ಹರಿದು, ಕರೆಂಟು ಕಡಿದು, ಮೊಬೈಲ್ ಟವರ್ ಮಲಗಿಸಿ, ಇಳಿಯಲಿಕ್ಕೇ 72 ಗಂಟೆಗಿಂತ ಹೆಚ್ಚು ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಅವಧಿ ಮುಗಿಯಿತು. ಉಳಿದದ್ದು ಮಾದರಿ ಹೊಲಗಳ ಇಳುವರಿ ಅಳೆಯುವ ಬೆಳೆ ಕಟಾವು ಪ್ರಯೋಗ. ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿಯೇ ಘಟಕ. ಹೊಳೆದಂಡೆಯ ಹೊಲ ಮುಳುಗಿ, ಮೇಲಿನ ಕೆಂಪು ನೆಲದ ಹೊಲ ಉಳಿದರೆ, ಎರಡನ್ನೂ ಕೂಡಿಸಿ ಸರಾಸರಿ ತೆಗೆಯುತ್ತಾರೆ. ಸರಾಸರಿಯಲ್ಲಿ ಯಾರೂ ಮುಳುಗಿರುವುದಿಲ್ಲ. ಪರಿಹಾರ ತಡಮಾಡಿದ ಕಂಪನಿ ಶೇ 12 ಬಡ್ಡಿ ಕೊಡಬೇಕೆಂದು ನಿಯಮವಿದೆ. ನೋಡಿ, ಕಾಗದದ ಮೇಲೆ ರೈತನಿಗೂ ಬಡ್ಡಿ ಉಂಟು, ಕಬ್ಬಿನಲ್ಲಿ ಶೇ 15, ವಿಮೆಯಲ್ಲಿ ಶೇ 12. ಅದೇ ರೈತ ಬ್ಯಾಂಕಿಗೆ ಕೊಡುವ ಬಡ್ಡಿ ಮಾತ್ರ ಕಾಗದದಿಂದಿಳಿದು ನೇರ ಪಾಸ್‌ಬುಕ್ಕಿಗೆ ನಡೆದುಬರುತ್ತದೆ.

2025ರಲ್ಲಿ ಮಾಂಜ್ರಾ ಉಕ್ಕಿದಾಗ ಮುಖ್ಯಮಂತ್ರಿ ಸಿದ್ದರಾಮಯ್ಯ ಹೆಲಿಕಾಪ್ಟರಿನಲ್ಲಿ ಸಮೀಕ್ಷೆ ಮಾಡಿದರು. ಸೆಪ್ಟೆಂಬರ್ 30ರಂದು ಒಣ ಬೇಸಾಯದ ಬೆಳೆಗೆ ಹೆಕ್ಟೇರಿಗೆ 8,500ರ ಮೇಲೆ ಇನ್ನೊಂದು 8,500 ಸೇರಿಸಿ 17,000 ಘೋಷಿಸಿದರು. ದ್ವಿಗುಣ! ಕೇಳಲಿಕ್ಕೆ ಭರ್ಜರಿ. ಆ ವರ್ಷ ಸೋಯಾದ ಬೆಂಬಲ ಬೆಲೆ ಕ್ವಿಂಟಲ್‌ಗೆ 5,328. ಅಂದರೆ 17,000ಕ್ಕೆ ಹೆಕ್ಟೇರಿಗೆ ಮೂರು ಕ್ವಿಂಟಲ್ ಚಿಲ್ಲರೆ, ಗುಂಟೆಗೆ 172 ರೂಪಾಯಿ. ಅದೂ ಎರಡು ಹೆಕ್ಟೇರಿಗೆ ಸೀಮಿತ. ಮೇಲಿನಿಂದ ನೋಡಿದವರಿಗೆ ಹೊಲ ಚಿಕ್ಕದಾಗಿ ಕಾಣುವುದು ಸಹಜ.

ಈ ನೆಲದಲ್ಲಿ ಬರಗಾಲಕ್ಕೆ ಇದಕ್ಕಿಂತ ನೇರವಾದ ಮದ್ದು ಒಮ್ಮೆ ಇತ್ತು. ಹದಿನಾಲ್ಕನೇ ಶತಮಾನದ ಕೊನೆಗೆ ದಖನ್ ಒಣಗಿದಾಗ ಬಹಮನಿ ಸುಲ್ತಾನ ಮಹಮ್ಮದ್ ಷಾ ಸರಕಾರಿ ಖರ್ಚಿನಲ್ಲಿ ಹತ್ತು ಸಾವಿರ ಎತ್ತು ಹೂಡಿ ಮಾಳ್ವ, ಗುಜರಾತಿನಿಂದ ಧಾನ್ಯ ತರಿಸಿ ಅಗ್ಗಕ್ಕೆ ಮಾರಿಸಿದನೆಂದು ಇತಿಹಾಸಕಾರ ಫೆರಿಶ್ತಾ ಬರೆದಿದ್ದಾನೆ. ಆ ಧಾನ್ಯ ಎಲ್ಲರ ಮನೆಗೂ ಮುಟ್ಟಿತೇ ಎಂಬುದು ಬೇರೆ ಮಾತು, ಸುಲ್ತಾನರು ದೇವರಲ್ಲ. ಆದರೆ ಆ ಎತ್ತುಗಳಿಗೆ ಇ-ಕೆವೈಸಿ ಇರಲಿಲ್ಲ, ಸರ್ವರ್ ಡೌನ್ ಆಗುತ್ತಿರಲಿಲ್ಲ, ಧಾನ್ಯ ಮೊದಲು ನೀನೇ ಕೊಂಡು ಬಿಲ್ ತಾ ಎಂದು ಯಾರೂ ಹೇಳಿದ ದಾಖಲೆಯಿಲ್ಲ.

ಪ್ರಭಾವ ಇಲ್ಲದ ಜಿಲ್ಲೆ ಎಂದೂ ಅಳುವಂತಿಲ್ಲ. ಔರಾದ್ ತಾಲ್ಲೂಕು ಒಂದೇ ಕಾಲದಲ್ಲಿ ರಾಜ್ಯಕ್ಕೆ ಪಶುಸಂಗೋಪನಾ ಸಚಿವರನ್ನೂ (ಪ್ರಭು ಚವ್ಹಾಣ್), ಕೇಂದ್ರಕ್ಕೆ ರಸಗೊಬ್ಬರದ ರಾಜ್ಯ ಸಚಿವರನ್ನೂ (ಭಗವಂತ ಖೂಬಾ) ಕೊಟ್ಟಿತ್ತು. ಗೊಬ್ಬರದ ಮಂತ್ರಿ ನಮ್ಮವರೇ ಎಂದರೂ ಮುಂಗಾರು ಬಿದ್ದಾಗ ಡಿಎಪಿ ಚೀಲಕ್ಕೆ ನಿಂತ ಸಾಲು ಗಿಡ್ಡವಾಗಲಿಲ್ಲ. ಈಗ ಪಾಳಿ ಭಾಲ್ಕಿಯದು: ತಂದೆ ಈಶ್ವರ ಖಂಡ್ರೆ ಬೆಂಗಳೂರಿನಲ್ಲಿ ಮಂತ್ರಿ, ಮಗ ಸಾಗರ್ ದಿಲ್ಲಿಯಲ್ಲಿ ಸಂಸದ. ರಾಜ್ಯಕ್ಕೂ ಕೇಂದ್ರಕ್ಕೂ ನಡುವಿನ ಪತ್ರವ್ಯವಹಾರ ಊಟದ ಹೊತ್ತಿನಲ್ಲೇ ಮುಗಿಯಬಹುದು.

ಹಾಗೆ ಮುಗಿಸಬೇಕಾದ ಕಡತ ಒಂದು ಎದುರಿಗೇ ಇದೆ. ಮೀನಿಗೆ ಅಷ್ಟೆಲ್ಲ ಸಂಪದ ತಂದ ಕಾರಂಜಾದ ನೀರು ನಿಂತಿರುವುದು ರೈತರ ಹೊಲಗಳ ಮೇಲೆ. ಎಪ್ಪತ್ತರ ದಶಕದ ಯೋಜನೆ ಅದು. ಮುಳುಗಿದ ಹೊಲಕ್ಕೆ ಕೋರ್ಟಿಗೆ ಹೋದವರಿಗೊಂದು ದರ, ಹೋಗದವರಿಗೊಂದು ದರ. ನಮಗೂ ನ್ಯಾಯವಾದ ಪರಿಹಾರ ಕೊಡಿ ಎಂದು ಸಂತ್ರಸ್ತರು 2022ರ ಜುಲೈನಲ್ಲಿ ಬೀದರ್‌ನಲ್ಲಿ ಧರಣಿ ಕೂತರು. ಧರಣಿ ಸಾವಿರ ದಿನ ದಾಟಿತು. ಅಷ್ಟರಲ್ಲಿ ಸರಕಾರ ಬದಲಾಯಿತು, ಸಂಸದರು ಬದಲಾದರು.

ಆದ್ದರಿಂದ ಮುಂದಿನ ಮಂದಗತಿ ಬಂದು, ಮುಂದಿನ ಪ್ಯಾಕೇಜ್ ಘೋಷಣೆಯಾಗಿ, ನೀವು ರೈತ ಸಂಪರ್ಕ ಕೇಂದ್ರಕ್ಕೆ ಹೊರಟಾಗ ಪಹಣಿ, ಆಧಾರ್, ಪಾಸ್‌ಬುಕ್ಕಿನ ಝೆರಾಕ್ಸ್ ಜತೆಗೆ ಕಬ್ಬಿನ ತೂಕದ ಚೀಟಿ, ವಿಮೆ ಕಂತು ಕಟ್ಟಿದ ರಸೀದಿ, ಹೊಲ ಮುಳುಗಿದ್ದರೆ ಅದರ ಭೂಸ್ವಾಧೀನದ ನೋಟಿಸು, ಇವನ್ನೂ ಒಯ್ಯಿರಿ. ಇದು ಯಾವ ಯೋಜನೆಗೆ ಎಂದು ಕೌಂಟರಿನವರು ಕೇಳಿದರೆ ಮೆತ್ತಗೆ ಹೇಳಿ: “ಯೋಜನಾ ಅಲ್ರೀ ಸಾಹೇಬ್ರ, ಬಾಕಿ.”