ಎಷ್ಟು ಕಟ್ಟಬೇಕಂತೆ?

‘ಈ ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಯಾವುದಾದರೂ ಲ್ಯಾಬಿನಲ್ಲಿ ಸಂಶೋಧನೆ ಕಲಿಯೋಣ ಅಂತ’ ಎಂದು ಡಿಗ್ರಿ ಓದುವ ಮಗಳು ಬಾಯಿ ತೆರೆದರೆ ನಮ್ಮ ಅಪ್ಪಂದಿರು ಕೇಳುವ ಮೊದಲ ಪ್ರಶ್ನೆ, ‘ಎಷ್ಟು ಕಟ್ಟಬೇಕಂತೆ?’ ಅವರದೇನೂ ತಪ್ಪಿಲ್ಲ ಬಿಡಿ. ಎಲ್‌ಕೆಜಿ ಡೊನೇಶನ್ನಿನಿಂದ ಹಿಡಿದು ಸಿಇಟಿ ಕೋಚಿಂಗಿನ ತನಕ ಕಟ್ಟಿ ಕಟ್ಟಿ ಪಳಗಿದ ಕೈ ಅದು. ‘ಕಟ್ಟೋದೇನಿಲ್ಲಪ್ಪ, ಅವರೇ ತಿಂಗಳಿಗಿಷ್ಟು ಅಂತ ಕೊಡ್ತಾರೆ, ರೈಲು ಚಾರ್ಜೂ ಕೊಡ್ತಾರೆ’ ಎಂದಳೋ, ಅಪ್ಪನಿಗೆ ಖುಷಿಯಾಗುವ ಬದಲು ದಿಗಿಲಾಗುತ್ತದೆ. ‘ಹುಷಾರು ಕಣಮ್ಮ, ಇದ್ಯಾವುದೋ ಟೋಪಿ ಹಾಕೋ ಗಿರಾಕಿ. ಓಟಿಪಿ ಗೀಟಿಪಿ ಹೇಳಿಬಿಟ್ಟೀಯ!’

ಅದೇ ಅಪ್ಪ, ‘ಮನೆಯಲ್ಲೇ ಕೂತು ಇಂಟರ್ನ್‌ಶಿಪ್ ಮಾಡಿ, ಸರ್ಟಿಫಿಕೇಟ್ ಗ್ಯಾರಂಟಿ’ ಎಂಬ ವಾಟ್ಸ್ಆ್ಯಪ್ ಸಂದೇಶ ಬಂದರೆ ಮರುಮಾತಿಲ್ಲದೆ ಕ್ಯೂಆರ್ ಕೋಡಿಗೆ ಫೋನು ಹಿಡಿಯುತ್ತಾರೆ. ನಾಲ್ಕು ವಿಡಿಯೊ, ಒಂದು ಕ್ವಿಜ್ಜು, ಕೊನೆಗೆ ಚಿನ್ನದ ಬಣ್ಣದ ಅಂಚಿನ ಸರ್ಟಿಫಿಕೇಟು. ಕೊಡುತ್ತೇನೆ ಅನ್ನುವವನ ಮೇಲೆ ಅನುಮಾನ, ಕಿತ್ತುಕೊಳ್ಳುತ್ತೇನೆ ಅನ್ನುವವನ ಮೇಲೆ ಭಕ್ತಿ. ದುಡ್ಡು ಕಟ್ಟಿಸಿಕೊಂಡ ಮೇಲೆ ಒಳ್ಳೆಯದೇ ಇರಬೇಕಲ್ಲವೇ!

ಕೊಡುವವರು ಇರುವುದೇನೂ ಸಪ್ತಸಾಗರದಾಚೆಯಲ್ಲ. 1934ರಲ್ಲಿ ಸಿ.ವಿ. ರಾಮನ್ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ ನಮ್ಮ ಬೆಂಗಳೂರಿನ ಸದಾಶಿವನಗರದಲ್ಲೇ ಇದೆ. ದೆಹಲಿ ಮತ್ತು ಪ್ರಯಾಗರಾಜದ ಎರಡು ಅಕಾಡೆಮಿಗಳ ಜೊತೆ ಸೇರಿ ಅದು ಬೇಸಿಗೆ ಸಂಶೋಧನಾ ಫೆಲೋಶಿಪ್ ನಡೆಸುತ್ತದೆ. ಆಯ್ಕೆಯಾದವರು ದೇಶದ ಯಾವುದಾದರೊಂದು ಸಂಸ್ಥೆಯಲ್ಲಿ ವಿಜ್ಞಾನಿಯೊಬ್ಬರ ಕೈಕೆಳಗೆ ಎರಡು ತಿಂಗಳು ಕೆಲಸ ಮಾಡಬಹುದು. ಇದು ಕಾಲೇಜು ಅಧ್ಯಾಪಕರಿಗೂ ಉಂಟು. ಪ್ರಕಟಣೆಯ ಆ ಸಾಲನ್ನು ಅಧ್ಯಾಪಕರು ಓದಿರುವುದಿಲ್ಲ, ಓದಿದವರು ಪಕ್ಕದ ಸ್ಟಾಫ್‌ರೂಮಿಗೆ ಹೇಳಿರುವುದಿಲ್ಲ. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರಕ್ಕೆ ತನ್ನದೇ ಬೇಸಿಗೆ ಫೆಲೋಶಿಪ್ ಇದೆ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೂ ಇದೆ, ಆಕಾಶ ನೋಡುವ ಹುಚ್ಚಿದ್ದವರಿಗೆ ಪುಣೆಯ ಐಯುಕಾದಲ್ಲೂ ಇದೆ. ನಮ್ಮ ಹುಡುಗರು ಬಳ್ಳಾರಿ ರಸ್ತೆಯ ಬಸ್ಸಿನಲ್ಲಿ ನೇತಾಡುತ್ತ ಜಕ್ಕೂರನ್ನು ದಿನಾ ದಾಟುತ್ತಾರೆ, ಕಿವಿಯಲ್ಲಿ ಇಯರ್‌ಫೋನು.

ಸರಿ, ಹಾಗಿದ್ದರೆ ಎಡವುವುದೆಲ್ಲಿ? ಪಂಚಾಂಗದಲ್ಲಿ. ಬೇಸಿಗೆ ಫೆಲೋಶಿಪ್ಪಿಗೆ ಬೇಸಿಗೆಯಲ್ಲಿ ಅರ್ಜಿ ಹಾಕುವುದೆಂದು ನಮ್ಮ ಗಟ್ಟಿ ನಂಬಿಕೆ. ಕೆನಡಾದ ಮಿಟಾಕ್ಸ್‌ನವರು ಹನ್ನೆರಡು ವಾರಕ್ಕೆ ಕರೆಸಿಕೊಳ್ಳುವ ಗ್ಲೋಬಲಿಂಕ್ ಇಂಟರ್ನ್‌ಶಿಪ್ಪಿನ ಬಾಗಿಲು ಮುಚ್ಚುವುದು ಗಣೇಶನನ್ನು ಕೆರೆಗೆ ಬಿಡುವ ಹೊತ್ತಿಗೆ. ಜರ್ಮನಿಗೆ ಕಳಿಸುವ ಡಾಡ್ ಸಂಸ್ಥೆಯ ‘ವೈಸ್’ ಯೋಜನೆ ರಾಜ್ಯೋತ್ಸವದ ಆಸುಪಾಸು. ನಮ್ಮ ಅಕಾಡೆಮಿಯದು ಸಾಮಾನ್ಯವಾಗಿ ನವೆಂಬರ್ ಕೊನೆ, ಬಸವನಗುಡಿಯ ಕಡಲೆಕಾಯಿ ಪರಿಷೆಯ ಕಾಲ. ಮುಂಬೈಯವರದು ಸಂಕ್ರಾಂತಿ ಕಳೆದ ಮೇಲೆ. ನಮ್ಮ ಹುಡುಗರು ಏಳುವುದು ಯುಗಾದಿ ಹೋಳಿಗೆ ಉಂಡು, ಒಂದು ನಿದ್ದೆ ತೆಗೆದು, ‘ಸಾರ್, ಸಮ್ಮರ್ ಇಂಟರ್ನ್‌ಶಿಪ್ ಏನಾದ್ರೂ ಇದೆಯಾ?’ ಎಂದು. ಇದೆ ಮಗಾ, ಮುಂದಿನ ವರ್ಷದ್ದು.

ದಿನಾಂಕ ಗೊತ್ತಿದ್ದವರಿಗೂ ಎರಡು ಕಷ್ಟಗಳುಂಟು. ಕೊಡುವವರು ಹಣ ಕೇಳುವುದಿಲ್ಲ. ನಿನಗೇನು ತಿಳಿಯಬೇಕು ಎಂಬ ಒಂದು ಬರಹ ಮತ್ತು ನಿನ್ನನ್ನು ಬಲ್ಲ ಮೇಷ್ಟ್ರ ಒಂದು ಪತ್ರ ಕೇಳುತ್ತಾರೆ. ಅಪ್ಪನ ಜೇಬಿನಿಂದ ಕಟ್ಟಲಾಗದ ಬಾಬ್ತು ಇವೆರಡೇ.

ಬರಹದ ಕಥೆ ಕೇಳಿ. ‘ನನಗೆ ಬಾಲ್ಯದಿಂದಲೂ ವಿಜ್ಞಾನವೆಂದರೆ ಪ್ರಾಣ’ ಎಂದು ಆರಂಭ, ಅಬ್ದುಲ್ ಕಲಾಂ ಹೆಸರಿನಲ್ಲಿ ಮುಕ್ತಾಯ, ನಡುವೆ ಚಾಟ್‌ಜಿಪಿಟಿ. ಪ್ರಾಣವೇನೋ ಸರಿ, ಪ್ರಶ್ನೆ ಎಲ್ಲಿ? ರಾಮನ್ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, 1906ರಲ್ಲಿ, ಅವರ ಮೊದಲ ಪ್ರಬಂಧ ಲಂಡನ್ನಿನ ‘ಫಿಲಾಸಫಿಕಲ್ ಮ್ಯಾಗಜೀನ್’ನಲ್ಲಿ ಅಚ್ಚಾಯಿತು. ಅದರ ಬೀಜ ಇದ್ದದ್ದು ಕಾಲೇಜಿನ ಸ್ಪೆಕ್ಟ್ರೋಮೀಟರಿನಲ್ಲಿ: ಬೆಳಕಿನ ಪಟ್ಟೆಗಳು ಎರಡೂ ಕಡೆ ಒಂದೇ ಸಮ ಇಲ್ಲವಲ್ಲ, ಏಕೆ? ಅಂಥ ಸ್ಪೆಕ್ಟ್ರೋಮೀಟರು ನಮ್ಮ ಡಿಗ್ರಿ ಕಾಲೇಜುಗಳಲ್ಲೂ ಇದೆ. ನಮ್ಮವರು ಅದರಲ್ಲಿ ಕಣ್ಣಿಡುವ ಮೊದಲೇ ಸೀನಿಯರ್ ರೆಕಾರ್ಡಿನಿಂದ ರೀಡಿಂಗ್ ಇಳಿಸಿಕೊಂಡಿರುತ್ತಾರೆ. ಪಟ್ಟೆ ಸಮ ಇದ್ದರೇನು, ಇಲ್ಲದಿದ್ದರೇನು, ಉತ್ತರ ಸಮ ಬಂದರಾಯಿತು.

ಇನ್ನು ಪ್ರೊಫೆಸರಿಗೆ ಬರೆಯುವ ಇ-ಮೇಲು. ‘ವೈಸ್’ಗೆ ಅರ್ಜಿ ಹಾಕಬೇಕಾದರೆ ಜರ್ಮನಿಯ ಪ್ರೊಫೆಸರೊಬ್ಬರು ಮೊದಲೇ ‘ಬಾರಪ್ಪ’ ಎಂದು ಆಹ್ವಾನ ಕೊಟ್ಟಿರಬೇಕು. ಅದಕ್ಕೆ ನಮ್ಮ ಹುಡುಗ ಒಂದೇ ಕಾಗದ ಬರೆದು ನೂರು ಜನಕ್ಕೆ ಒಟ್ಟಿಗೆ ಬಿಡುತ್ತಾನೆ. ನೂರು ವಿಳಾಸವೂ ಮೇಲ್ಗಡೆ ಎಲ್ಲರಿಗೂ ಕಾಣುವಂತೆ ಸಾಲಾಗಿ ನಿಂತಿರುತ್ತವೆ. ಪಾಚಿಯ ಬಗ್ಗೆ ಆಯುಷ್ಯ ಸವೆಸಿದವರಿಗೆ ‘ಮೆಷಿನ್ ಲರ್ನಿಂಗಿನಲ್ಲಿ ತಮ್ಮ ಮಹಾನ್ ಕೊಡುಗೆ’ ಎಂಬ ಹೊಗಳಿಕೆ. ಹೆಂಗಸಿಗೆ ‘ರೆಸ್ಪೆಕ್ಟೆಡ್ ಸರ್’. ಉತ್ತರ ಬಾರದಿದ್ದರೆ ‘ಫಾರಿನ್ನಿನವರಿಗೆ ಅಹಂಕಾರ ಸಾರ್’. ಅಹಂಕಾರವಲ್ಲಪ್ಪ, ಪಾಚಿ. ಅವರ ಒಂದು ಪ್ರಬಂಧ ಓದಿ, ಅರ್ಥವಾಗದ ಒಂದು ಜಾಗದ ಬಗ್ಗೆ ನಾಲ್ಕು ಸಾಲು ಕೇಳಿದ್ದರೆ ಆ ಪುಣ್ಯಾತ್ಮರು ಒಂದು ಸಾಲಾದರೂ ಬರೆಯುತ್ತಿದ್ದರು.

ಮೇಷ್ಟ್ರ ಪತ್ರದ ವಿಷಯದಲ್ಲಿ ಪಾಪ ಹುಡುಗರನ್ನಷ್ಟೇ ಬೈಯಲಾಗದು. ‘ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ’ ಎನ್ನುವ ಉದಾರಿಗಳು ನಮ್ಮ ವೃತ್ತಿಯಲ್ಲಿ ಕಡಿಮೆ ಇಲ್ಲ. ಹುಡುಗ ಸಂಕೋಚ ಬಿಟ್ಟು ತನ್ನನ್ನು ತಾನೇ ಐನ್‌ಸ್ಟೈನಿನ ಪಕ್ಕ ಕೂರಿಸಿಕೊಳ್ಳುತ್ತಾನೆ. ಈಗ ಇನ್ನೊಂದು ಫಜೀತಿ: ಪತ್ರ ಕಳಿಸುವ ಕೊಂಡಿ ನೇರವಾಗಿ ಮೇಷ್ಟ್ರ ಕಾಲೇಜು ಇ-ಮೇಲಿಗೇ ಹೋಗುತ್ತದೆ. ಆ ಇ-ಮೇಲಿನ ಪಾಸ್‌ವರ್ಡು ಬಲ್ಲವರು ಇಡೀ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬಿನ ಅಟೆಂಡರ್ ಒಬ್ಬರೇ. ಅವರು ಅಯ್ಯಪ್ಪ ಮಾಲೆ ಹಾಕಿ ಶಬರಿಮಲೆಗೆ ಹೊರಟಿರುತ್ತಾರೆ. ನವೆಂಬರ್ ಕೊನೆಯೆಂದೆನಲ್ಲ!

ಆಗಲೇ ಹಣ ಕೈಗೆ ಬಂದವರ ಪ್ರಸಂಗವೂ ಉಂಟು. ಕೇಂದ್ರ ಸರ್ಕಾರದ ‘ಇನ್‌ಸ್ಪೈರ್’ ವಿದ್ಯಾರ್ಥಿವೇತನ ಪಿಯುಸಿಯಲ್ಲಿ ಮೇಲಿನ ಶೇಕಡಾ 1ರೊಳಗೆ ಬಂದು ಮೂಲ ವಿಜ್ಞಾನ ಓದುವವರಿಗೆ ಸಿಗುತ್ತದೆ. ವರ್ಷಕ್ಕೆ 80,000 ರೂಪಾಯಿ. ಅದರಲ್ಲಿ 60,000 ವಿದ್ಯಾರ್ಥಿಗೆ, 20,000 ಬೇಸಿಗೆ ಪ್ರಾಜೆಕ್ಟಿನ ಬಾಬ್ತಿಗೆ. ಅರವತ್ತು ಸಾವಿರದಲ್ಲಿ ಬೈಕು ತೆಗೆದುಕೊಂಡಾಗಿರುತ್ತದೆ. ಮೇ ತಿಂಗಳಲ್ಲಿ ಆ ಬೈಕನ್ನೇರಿ ಪ್ರಾಜೆಕ್ಟಿಗೆ ಗೈಡು ಹುಡುಕುವ ಯಾತ್ರೆ. ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯ ತಿಂಗಳಿಗೆ 5,000 ರೂಪಾಯಿಯ ಸುದ್ದಿ ಓದಿ ಓಡಿ ಬರುವವರೂ ಇದ್ದಾರೆ. 2024ರಲ್ಲಿ ಶುರುವಾದ ಆ ಯೋಜನೆ ಪೂರ್ಣಾವಧಿ ಓದುತ್ತಿರುವವರಿಗೆ ಅಲ್ಲವೇ ಅಲ್ಲ. ಹಾಗೆಯೇ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ‘ಆರ್‌ಇಯು’. ಆ ಬೇಸಿಗೆ ಸಂಶೋಧನಾ ಯೋಜನೆಯ ದುಡ್ಡು ಅಲ್ಲಿನ ನಾಗರಿಕರಿಗೂ ಗ್ರೀನ್ ಕಾರ್ಡಿನವರಿಗೂ ಮೀಸಲು. ಕ್ಯಾಲಿಫೋರ್ನಿಯಾದ ಚಿಕ್ಕಪ್ಪನ ಮಗಳಿಗೆ ಸಿಕ್ಕಿತೆಂದು ಚಿಕ್ಕಮಗಳೂರಿನಲ್ಲಿ ಕೂತು ಫಾರಂ ತುಂಬಬೇಡಿ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಸಿಗದೇ ಹೋಗಬಹುದು. ಹಾಕುವವರು ಬಹಳ, ಸೀಟು ಕಡಿಮೆ. ಎರಡನೇ ವರ್ಷದಲ್ಲಿ ತಪ್ಪಿದರೆ ಮೂರನೆಯದರಲ್ಲಿ ಮತ್ತೆ ಹಾಕಬಹುದು. ಬರೆದಿಟ್ಟ ಪ್ರಶ್ನೆ ಹಳಸುವುದಿಲ್ಲ. ರಜೆಯಲ್ಲಿ ನಿಮ್ಮದೇ ಕಾಲೇಜಿನ ಲ್ಯಾಬಿನ ಬೀಗ ತೆಗೆಸಿ ಅದರ ಹಿಂದೆ ಬೀಳಲೂಬಹುದು. ಸಂಶೋಧನೆ ಕಲಿಸುತ್ತೇವೆ, ಮುಂಗಡ ಕಳಿಸಿ ಎಂದು ಯಾರಾದರೂ ಅಂದರೆ ಮಾತ್ರ ಆ ದುಡ್ಡಿನಲ್ಲಿ ಮನೆಮಂದಿಗೆಲ್ಲ ಮಸಾಲೆದೋಸೆ ಕೊಡಿಸಿ, ಅಷ್ಟಾದರೂ ದಕ್ಕುತ್ತದೆ. ಮತ್ತೆ ನಾಳೆಯೇ ಸ್ಟಾಫ್‌ರೂಮಿಗೆ ಹೋಗಿ ಮೇಷ್ಟ್ರಿಗೆ ನಿಮ್ಮ ಹೆಸರು ಹೇಳಿ, ಒಂದು ಅನುಮಾನ ಕೇಳಿ. ನವೆಂಬರಿನಲ್ಲಿ ಮೊದಲ ಸಲ ಮುಖ ತೋರಿಸಿದವರ ಬಗ್ಗೆ ಅವರಾದರೂ ಏನೆಂದು ಬರೆದಾರು?