"ಸುಮ್ಮನೆ ಕೂತ್ಕೊಳ್ಳಿ" ಅನ್ನೋ ಉಪಚಾರ

ಹಿರಿಯರಿಗೆ ನಾವು ಕೊಡೋ ದೊಡ್ಡ ಮರ್ಯಾದೆ ಅಂದರೆ "ನೀವು ಸುಮ್ಮನೆ ಕೂತ್ಕೊಳ್ಳಿ" ಅನ್ನೋದು, ಅಲ್ವಾ? ಮಗ ಬಕೆಟ್ಟು ಕಸಿದುಕೊಳ್ತಾನೆ, ಸೊಸೆ ಸೌಟು ಕಸಿದುಕೊಳ್ತಾಳೆ, ಮೊಮ್ಮಗ ಓಡಿಹೋಗಿ ಹಾಲಿನ ಪ್ಯಾಕೆಟ್ಟು ತಂದುಬಿಡ್ತಾನೆ. ಅಜ್ಜಿಯೂ ನೆಂಟರ ಮುಂದೆ "ನನ್ನ ಕೈಲಿ ಒಂದು ಕಡ್ಡಿ ಎತ್ತಿಡಿಸಲ್ಲ ನೋಡಿ" ಅಂತ ಬೀಗ್ತಾರೆ. ವರ್ಷ ತಿರುಗೋದರೊಳಗೆ ನೆಲದಿಂದ ಏಳೋಕೆ ಗೋಡೆ ಬೇಕು. ಆಮೇಲೆ ಗೋಡೆಯೂ ಸಾಲದು. "ವಯಸ್ಸಾಯ್ತಲ್ಲ" ಅಂತ ಎಲ್ಲರೂ ತಲೆಯಾಡಿಸ್ತೀವಿ.

ನಮ್ಮ ಬೀದಿ ಕೊನೆಮನೆ ಮೇಷ್ಟ್ರು ಮೊನ್ನೆ ಡಾಕ್ಟರ ಹತ್ತಿರ ಹೋಗಿದ್ದರು. ಬಿಪಿ ನೋಡೋ ಮೊದಲೇ ಕೈಬಲ ಅಳೆಯೋ ಒಂದು ಹಿಡಿ ಕೊಟ್ಟು "ಜೋರಾಗಿ ಹಿಸುಕಿ" ಅಂದರಂತೆ. ಆಮೇಲೆ ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. ಡಾಕ್ಟರ ಕೈಯಲ್ಲಿ ಗಡಿಯಾರ. ಇದಕ್ಕೆ 12 ಸೆಕೆಂಡೋ ಅದಕ್ಕಿಂತ ಹೆಚ್ಚೋ ಹಿಡಿದರೆ ಬೀಳೋ ಭಯ ಇದೆ ಅಂತ ಲೆಕ್ಕ. "ಜೀವಮಾನವೆಲ್ಲ ಮಕ್ಕಳನ್ನ ಎದ್ದು ನಿಲ್ಲಿಸಿ ಕೂರಿಸಿದ್ದಕ್ಕೆ ಈಗ ಎಲ್ಲ ಸೇರಿಸಿ ವಸೂಲಿ ಮಾಡಿದರು ಕಣಯ್ಯ" ಅಂತ ನಗ್ತಿದ್ದರು.

2001ರಲ್ಲಿ ಅಮೆರಿಕದ ಲಿಂಡಾ ಫ್ರೀಡ್ ಮತ್ತು ಜೊತೆಯವರು ಗುರುತಿಸಿದ, ಮುಪ್ಪಿನ ನಿತ್ರಾಣದ ಐದು ಲಕ್ಷಣಗಳಲ್ಲೂ ಈ ಹಿಡಿತ, ನಡಿಗೆ ಎರಡೂ ಇವೆ. ಮಿಕ್ಕಿದ್ದು ಸುಸ್ತು, ಓಡಾಟ ಕಡಿಮೆಯಾಗೋದು, ತಾನಾಗೇ ತೂಕ ಇಳಿಯೋದು. ಮೂರು ಕಂಡರೆ ನಿತ್ರಾಣ ಅಂತಲೇ ಲೆಕ್ಕ. ತೂಕ ಇಳಿದದ್ದು ತಿಳಿಯೋಕೆ ನಮ್ಮ ಮನೆಗಳಲ್ಲಿ ಯಂತ್ರವೇನೂ ಬೇಡ ಬಿಡಿ. ಅಜ್ಜಿ ಕೈ ಎತ್ತಿದರೆ ಬಳೆ ಸರ್‍ರಂತ ಮೊಣಕೈವರೆಗೂ ಜಾರುತ್ತೆ. ಆದರೂ ರಾತ್ರಿಗೆ "ಒಂದು ತುತ್ತು ಮಜ್ಜಿಗೆ ಅನ್ನ ಸಾಕಪ್ಪ". ಬೇಳೆ, ಹಾಲು, ಮೊಟ್ಟೆ ಎಲ್ಲ ಮೊಮ್ಮಕ್ಕಳಿಗೆ. ಸ್ನಾಯು ಕರಗ್ತಾ ಇರೋದು ಯಾರದ್ದು ಸ್ವಾಮಿ?

ಸ್ನಾಯು ಅಂದಾಗ ನಮ್ಮಜ್ಜಿಯ ಈಳಿಗೆಮಣೆ ನೆನಪಾಗುತ್ತೆ. ಒಂದು ಮಂಡಿ ಎತ್ತಿ ಕೂತು ಹಲಸಿನಕಾಯಿ ಹೆಚ್ಚೋರು. ನಡುವೆ ಬೆಕ್ಕು ಹಾಲಿಗೆ ಬಾಯಿ ಹಾಕಿತು ಅಂತ ಏಳೋರು, ಮತ್ತೆ ಕೂರೋರು. ಬೆಕ್ಕಿಗೆ ಗೊತ್ತಿಲ್ಲದೆಯೇ ಅದು ಅಜ್ಜಿಗೆ ವ್ಯಾಯಾಮ ಮಾಡಿಸ್ತಿತ್ತು! ಉಪ್ಪಿನಕಾಯಿ ಜಾಡಿಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚೋ ಹಕ್ಕು ಅವರೊಬ್ಬರಿಗೇ. ಬೇರೆಯವರು ಮುಟ್ಟಿದರೆ ಬೂಷ್ಟು ಬರುತ್ತೆ ಅನ್ನೋ ಹಟ. ಮನೆಯಲ್ಲಿ ಅವರ ಮಾತು ನಡೀತಿದ್ದದ್ದೂ ಆ ಜಾಡಿಯಿಂದಲೇ ಅಂತ ನನಗೀಗ ಅನ್ಸುತ್ತೆ. ಮಂಡಿ ನೋವಿರೋರನ್ನ ನೆಲಕ್ಕೆ ಕೂರಿಸಿ ಅಂತಲ್ಲ ನಾನು ಹೇಳೋದು. ಕುರ್ಚಿ ಮೇಲೆ ಕೂತೇ ಅವರೆಕಾಯಿ ಸುಲಿಯಬಹುದಲ್ಲ?

ಹೋದ ಬಲ ಮತ್ತೆ ಬರುತ್ತಾ ಅಂದರೆ, ಬರುತ್ತೆ. 1990ರಲ್ಲಿ ಬಾಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ ತೊಂಬತ್ತರ ಆಸುಪಾಸಿನವರಿಗೆ ಎಂಟು ವಾರ ಕಾಲಲ್ಲಿ ಭಾರ ಎತ್ತಿಸಿದ್ದರು. ಕಾಲಿನ ಬಲ ಎರಡರಷ್ಟಕ್ಕೂ ಮೀರಿತು, ಇಬ್ಬರು ಊರುಗೋಲನ್ನೇ ಬಿಟ್ಟರು. ತಮಾಷೆ ಅಂದರೆ, ನಿಲ್ಲಿಸಿದ ನಾಲ್ಕೇ ವಾರಕ್ಕೆ ಬಲ ಮತ್ತೆ ಇಳೀತು. ಅಂದರೆ ದಿನಾ ಏನಾದರೂ ಮಾಡ್ತಿರಲೇಬೇಕು.

ಮನಸ್ಸಿಗೂ ಅಷ್ಟೇ. ನಮ್ಮ ಸಾಹಿತಿ ಎ.ಎನ್. ಮೂರ್ತಿರಾಯರು "ದೇವರು" ಪುಸ್ತಕ ಹೊರತಂದಾಗ ಅವರಿಗೆ ತೊಂಬತ್ತು ದಾಟಿತ್ತು. ಬದುಕಿದ್ದು 2003ರವರೆಗೆ, ನೂರಮೂರು ವರ್ಷ. ಎಲ್ಲರೂ ಪುಸ್ತಕ ಬರೀಬೇಕಾಗಿಲ್ಲ, ಆದರೆ ಬೆಳಿಗ್ಗೆ ಏಳೋಕೆ ತಮ್ಮದೇ ಅಂತ ಒಂದು ಕೆಲಸ ಬೇಕು, ಅಲ್ವಾ?

ಹಾಗಂತ ಜಾರೋ ನೆಲದ ಮೇಲೆ ಬಿಂದಿಗೆ ಹೊರಿಸಬೇಡಿ ಮತ್ತೆ! ಈ ಭಾನುವಾರ ಬಚ್ಚಲುಮನೆ ಗೋಡೆಗೊಂದು ಗಟ್ಟಿ ಹಿಡಿಕೆ ಹಾಕಿಸಿ, ನೆಲದ ಪಾಚಿ ತಿಕ್ಕಿಸಿ. ಆಮೇಲೆ ಹಾಲು ತರೋಕೆ ಅಜ್ಜನನ್ನೇ ಕಳಿಸಿ, ಹಿಂತಿರುಗೋದು ಸ್ವಲ್ಪ ತಡವಾದರೂ ಪರವಾಗಿಲ್ಲ.